ಮೇ ತಿಂಗಳ ಬಿಸಿಲು, ಆಟಿಯ ರಾತ್ರಿಯೂಟ

ನಮ್ಮ ಕಡೆ ಚಳಿ ಎಂದರೆ ಮಳೆಯ ಚಳಿ. ಡಿಸೆಂಬರ್, ಜನವರಿಯಲ್ಲಿ ಚಾರ್ಮಾಡಿ ಘಟ್ಟದಿಂದ ಇಳಿದು ಬರುವ ಗಾಳಿಗೆ ಬೆಳಗ್ಗೆ ಹಲ್ಲು ಕಟಕಟಿಸುವುದುಂಟು. ಆದರೆ ಅಂಗಳಕ್ಕೆ ಬಿಸಿಲು ಬಿದ್ದರೆ ಅದು ಹೋಯಿತು. ಜೂನ್‌ನಲ್ಲಿ ಹಿಡಿದ ಮಳೆಯದು ಹಾಗಲ್ಲ. ಅದರ ತಂಡಿ ಗೋಡೆಗೆ ಏರುತ್ತದೆ, ಚಾಪೆಗೆ ಇಳಿಯುತ್ತದೆ, ಕಪಾಟಿನ ಸೀರೆಗೂ ಬೂಷ್ಟು ಹಿಡಿಸುತ್ತದೆ. ಒಲೆಯ ಮೇಲ್ಗಡೆ ಹಗ್ಗ ಕಟ್ಟಿ ಹರವಿದ ಬಟ್ಟೆ ಮೂರನೆಯ ದಿನಕ್ಕೂ ಹಸಿಹಸಿ. ಭತ್ತದ ನೇಜಿ ನೆಡಲು ಹೋದ ಹೆಂಗಸರು ತಲೆಗೆ ಗೊರಬೆ ಹಾಕಿಕೊಂಡು ಇಡೀ ದಿನ ಮೊಣಕಾಲುದ್ದ ಕೆಸರಲ್ಲಿ ನಿಂತು ಸಂಜೆ ಮನೆಗೆ ಬರುವಾಗ ಬೆರಳುಗಳೆಲ್ಲ ಬಿಳಿಚಿ ಸುಕ್ಕುಗಟ್ಟಿರುತ್ತಿದ್ದವು. ಬಚ್ಚಲ ಹಂಡೆಯ ಬಿಸಿನೀರು ಹೊರಗಿನ ಚಳಿಯನ್ನು ಬಿಡಿಸುತ್ತಿತ್ತು. ಒಳಗೆ ಕೂತದ್ದನ್ನು ಬಿಡಿಸಬೇಕಾದದ್ದು ರಾತ್ರಿಯ ಊಟ.

ನಾನು ಹುಟ್ಟಿದ್ದು ಬೆಳ್ತಂಗಡಿ ತಾಲೂಕಿನ ಮುಂಡಾಜೆಯ ಕಡೆ, ಮೃತ್ಯುಂಜಯ ಹೊಳೆಗೆ ಹತ್ತಿರದ ಒಕ್ಕಲು ಮನೆಯಲ್ಲಿ. ಅಮ್ಮನ ತವರು ಬಂಟ್ವಾಳ. ನಮ್ಮಲ್ಲಿ ಹರಿದ ಹೊಳೆ ನೇತ್ರಾವತಿಗೆ ಸೇರಿ ಅಜ್ಜಿಮನೆಯ ಹಿಂದುಗಡೆ ಹಾದುಹೋಗುತ್ತಿತ್ತು. ಕಾಲೇಜಿಗೆ ಹೋದದ್ದು ಮೂಡುಬಿದಿರೆಗೆ. ಮೂರೂ ಊರಿನ ಮಳೆಗಾಲದಲ್ಲಿ ರಾತ್ರಿ ಉಂಡದ್ದು ನೆನಪಾಗುವಾಗೆಲ್ಲ ನನ್ನ ಕಣ್ಣಿಗೆ ಬರುವುದು ಮಳೆಯಲ್ಲ, ಏಪ್ರಿಲ್ ಮೇ ತಿಂಗಳ ಅಂಗಳ. ಆ ಊಟಗಳ ಅರ್ಧ ಅಡುಗೆ ಬೇಸಿಗೆಯ ಬಿಸಿಲಿನಲ್ಲೇ ಮುಗಿದಿರುತ್ತಿತ್ತು. ಉಳಿದರ್ಧಕ್ಕೆ ಮಾತ್ರ ಒಲೆ ಬೇಕಿತ್ತು.

ಅಮ್ಮನ ಬೇಸಿಗೆ ಎಂದರೆ ಓಟವೇ. ಮಕ್ಕಳಿಗೆ ರಜೆ ಸಿಕ್ಕಿದ ಮರುದಿನದಿಂದ ಹಲಸಿನಕಾಯಿ ಕೊಚ್ಚುವ ಕೆಲಸ ಶುರು. ಚೆನ್ನಾಗಿ ಬೆಳೆದ, ಆದರೆ ಇನ್ನೂ ಹಣ್ಣಾಗದ ಕಾಯಿಯ ಸೊಳೆ ಬಿಡಿಸಿ, ಭರಣಿಯಲ್ಲಿ ಒಂದು ಪದರ ಸೊಳೆ, ಒಂದು ಪದರ ಕಲ್ಲುಪ್ಪು ಹಾಕುತ್ತಾ ಬಾಯಿಯವರೆಗೆ ತುಂಬಿಸಿ ಮೇಲೆ ಹೊಳೆಯ ಕಲ್ಲು ಹೇರುವುದು. ಅದು ಉಪ್ಪಡ್ ಪಚ್ಚಿಲ್, ಉಪ್ಪುಸೊಳೆ. ಬೀಜಗಳಲ್ಲಿ ಒಂದು ಪಾಲನ್ನು ಕೆಮ್ಮಣ್ಣಿನಲ್ಲಿ ಕಲಸಿ ಮೂಲೆಗೆ ರಾಶಿ ಹಾಕಿದರೆ ಮಳೆಗಾಲ ಮುಗಿಯುವವರೆಗೂ ಮೊಳಕೆ ಬರುತ್ತಿರಲಿಲ್ಲ. ಇನ್ನೊಂದು ಪಾಲು ಉಪ್ಪುನೀರಿನಲ್ಲಿ ಬೆಂದು, ಬಿಸಿಲಿನಲ್ಲಿ ಕಲ್ಲಿನಂತೆ ಒಣಗಿ ಸಾಂತಾಣಿ ಆಗುತ್ತಿತ್ತು. ಹಪ್ಪಳ, ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಬಾಳಕದ ಮೆಣಸು, ಉಂಡೆ ಕಟ್ಟಿದ ಹುಣಸೆಹುಳಿ, ಮಿಡಿ ಉಪ್ಪಿನಕಾಯಿ. ಗದ್ದೆಯ ಸೌತೆಕಾಯಿಗಳನ್ನು ಬಾಳೆಯ ನಾರಿನಲ್ಲಿ ಒಂದೊಂದಾಗಿ ಕಟ್ಟಿ ಮಾಡಿನ ಅಡಿಗೆ ಸಾಲಾಗಿ ನೇತುಹಾಕಿದರೆ ಆಗಸ್ಟ್ ತಿಂಗಳಲ್ಲಿ ತೆಗೆದರೂ ಹಾಳಾಗದೆ ಇರುತ್ತಿದ್ದವು. ಸಂತೆಯಿಂದ ಒಣ ನಂಗ್ ಮೀನು, ಒಣ ಸಿಗಡಿ ಬರುತ್ತಿದ್ದವು. ಮಳೆ ಶುರುವಾಗಿ ಕಡಲು ಎದ್ದ ಮೇಲೆ ಹಸಿ ಮೀನಿನ ಮಾತಿಲ್ಲ. ಕಡೆಗೆ ಕಟ್ಟಿಗೆ. ಕೊಟ್ಟಿಗೆಯ ಪಕ್ಕದ ಚಾವಡಿಯಲ್ಲಿ ಮಾಡು ಮುಟ್ಟುವಷ್ಟು ಒಣ ಕಟ್ಟಿಗೆ ಪೇರಿಸಿದ ಮೇಲೆಯೇ ಅಪ್ಪ ಆಕಾಶ ನೋಡಿ ಇನ್ನು ಬರಲಿ ಅನ್ನುತ್ತಿದ್ದುದು. ಮನೆಯ ಮಳೆ ಬೀಳುವ ಬದಿಗೆ ಮಡಲಿನ ತಟ್ಟಿ ಕಟ್ಟುವುದು ಎಲ್ಲಕ್ಕಿಂತ ಕೊನೆಯ ಕೆಲಸ.

ಇಷ್ಟೆಲ್ಲ ಯಾಕೆ ಬೇಕಿತ್ತು ಎಂಬುದನ್ನು ಈಗಿನ ಮಕ್ಕಳಿಗೆ ಬಿಡಿಸಿ ಹೇಳಬೇಕಾಗುತ್ತದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ, ತುಳುನಾಡಿನಲ್ಲಿ ಆಗ ಹಸಿವಿನ ತಿಂಗಳು. ಮಳೆಗಾಲದ ಏಣಿಲು ಬೆಳೆಯ ನೇಜಿ ಗದ್ದೆಯಲ್ಲಿ ಆಗಷ್ಟೇ ಬೇರು ಹಿಡಿದಿರುತ್ತಿತ್ತು, ಹಳೆಯ ಅಕ್ಕಿ ತಳ ಕಂಡಿರುತ್ತಿತ್ತು. ಒಕ್ಕಲು ಮನೆಗಳಲ್ಲಂತೂ ಕೊಯ್ದದ್ದರಲ್ಲಿ ದೊಡ್ಡ ಪಾಲು ಗೇಣಿಯ ಮುಡಿಗಳಾಗಿ ಧಣಿಗಳ ಮನೆಗೆ ಹೋಗಿರುತ್ತಿತ್ತು. ಮುಡಿ ಎಂದರೆ ಬೈಹುಲ್ಲಿನಲ್ಲಿ ಸುತ್ತಿ ಹಗ್ಗ ಬಿಗಿದ 42 ಸೇರು ಅಕ್ಕಿ. ನಮ್ಮ ಅಟ್ಟದಲ್ಲಿ ಆಟಿಗೆ ಉಳಿಯುತ್ತಿದ್ದ ಮುಡಿಗಳನ್ನು ಅಮ್ಮ ದಿನಾ ಕಣ್ಣಲ್ಲೇ ಅಳೆಯುತ್ತಿದ್ದಳು. 1974ರ ಮಾರ್ಚ್ 1ರಿಂದ ಹೊಸ ಭೂಸುಧಾರಣೆ ಜಾರಿಗೆ ಬಂದು, ಉಳುವವರು ನಾವೇ ಎಂದು ಅಪ್ಪ ಡಿಕ್ಲರೇಶನ್ ಕೊಟ್ಟು, ಆಮೇಲೆ ಗದ್ದೆ ನಮ್ಮ ಹೆಸರಿಗೆ ಆಯಿತು. ಅದಾದ ಮೇಲಿನ ಆಟಿಗಳಲ್ಲಿ ಗಂಜಿ ದಪ್ಪವಾಯಿತು. ನಾನು ಎರಡೂ ಗಂಜಿಯನ್ನು ಉಂಡವಳು. ತೆಳಿಯೇ ಹೆಚ್ಚಿದ್ದ ಗಂಜಿಯನ್ನೂ, ಸೌಟು ನಿಲ್ಲುವ ಗಂಜಿಯನ್ನೂ. ಹಾಗಾಗಿ ಯಾರಾದರೂ ಆಟಿಯ ಅಡುಗೆಯನ್ನು ಬರೀ ರುಚಿಯ ವಿಷಯವಾಗಿ ಮಾತಾಡಿದರೆ ನನಗೆ ಸಮಾಧಾನವಾಗುವುದಿಲ್ಲ. ಅಕ್ಕಿಯನ್ನು ಉಳಿಸುವುದಕ್ಕಾಗಿ ಹಲಸು, ಸೊಪ್ಪು, ಕಣಿಲೆ, ಹುರುಳಿ ತಟ್ಟೆಗೆ ಬಂದವು. ರುಚಿಯನ್ನು ಕಟ್ಟಿದ್ದು ಆ ಮನೆಗಳ ಹೆಂಗಸರು.

ಎಲ್ಲಕ್ಕಿಂತ ಹೆಚ್ಚು ಹೇಳಬೇಕಾದದ್ದು ಹುರುಳಿ ಸಾರಿನ ಬಗ್ಗೆ. ತುಳುವಿನಲ್ಲಿ ಕುಡು. ಸುಗ್ಗಿ ಕೊಯ್ದ ಗದ್ದೆಯಲ್ಲಿ ನಾವೂ ಒಂದಿಷ್ಟು ಬಿತ್ತುತ್ತಿದ್ದೆವು, ಸಾಲದ್ದು ಘಟ್ಟದ ಮೇಲಿನಿಂದ ಚಾರ್ಮಾಡಿ ದಾರಿಯಾಗಿ ಬರುತ್ತಿತ್ತು. ಹುರುಳಿ ಬೇಯುತ್ತಿದ್ದುದು ಕೋಣಗಳಿಗಾಗಿ. ಉಳುಮೆಯ ದಿನಗಳಲ್ಲಿ ಅವುಗಳ ಮೈಗೆ ಬಲ ಬೇಕು. ಮಧ್ಯಾಹ್ನದ ಮೇಲೆ ದೊಡ್ಡ ಪಾತ್ರೆಯಲ್ಲಿ ಒಲೆಗೆ ಏರಿದ ಹುರುಳಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಬೆರಳಲ್ಲಿ ಒತ್ತಿದರೆ ಹಿಟ್ಟಾಗುವಷ್ಟು ಬೆಂದಿರುತ್ತಿತ್ತು. ಕಾಳು ಕೋಣಗಳಿಗೆ, ಬಸಿದ ಕಟ್ಟು ನಮಗೆ. ಕಪ್ಪು ಮಿಶ್ರಿತ ಕೆಂಪು ಬಣ್ಣದ ಆ ಕಟ್ಟಿನ ಪರಿಮಳ ಮಳೆಯ ಮಣ್ಣಿನ ವಾಸನೆಗೆ ಬಹಳ ಹತ್ತಿರ.

ಅಮ್ಮನ ಕ್ರಮ ಹೀಗೆ. ಬಾಣಲೆಗೆ ಒಂದು ಚಮಚ ತೆಂಗಿನೆಣ್ಣೆ, ಅದರಲ್ಲಿ ಐದಾರು ಒಣಮೆಣಸು, ಎರಡು ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ಏಳೆಂಟು ಕಾಳುಮೆಣಸು, ಬೆರಳ ತುದಿಯಲ್ಲಿ ಹಿಡಿಯುವಷ್ಟು ಮೆಂತೆ. ಸಣ್ಣ ಉರಿಯಲ್ಲಿ ಪರಿಮಳ ಏಳುವವರೆಗೆ ಹುರಿದು, ಹುಣಸೆಹುಳಿ, ಒಂದು ಹಿಡಿ ಬೆಂದ ಹುರುಳಿ, ಬಹಳವೆಂದರೆ ಎರಡು ಚಮಚ ಕಾಯಿತುರಿಯೊಂದಿಗೆ ಕಲ್ಲಿನಲ್ಲಿ ನುಣ್ಣಗೆ ಅರೆಯುವುದು. ಕಾಯಿ ಜಾಸ್ತಿ ಹಾಕಿದರೆ ಸಾರಿನ ಮಣ್ಣಿನ ಗುಣ ಹೋಗುತ್ತದೆ. ಪೇಟೆಯ ಹೋಟೆಲುಗಳ ಹುರುಳಿ ಸಾರು ನನಗೆ ಒಗ್ಗದಿರುವುದು ಇದೇ ಕಾರಣಕ್ಕೆ. ಅರೆದದ್ದನ್ನು ಕಟ್ಟಿಗೆ ಸೇರಿಸಿ, ಉಪ್ಪು ಹಾಕಿ, ಚೂರು ಬೆಲ್ಲ ಬೇಕಾದರೆ ಹಾಕಿ, ಅರ್ಧ ಗಂಟೆ ಕುದಿಯಬೇಕು. ಜಜ್ಜಿದ ಬೆಳ್ಳುಳ್ಳಿ ತೆಂಗಿನೆಣ್ಣೆಯಲ್ಲಿ ಕೆಂಪಗಾಗಿ ಅಂಚು ಕಪ್ಪಾಗುವಾಗ ಸಾರಿಗೆ ಸುರಿದು ತಕ್ಷಣ ಮುಚ್ಚಬೇಕು. ಅದನ್ನು ಬಿಸಿ ಕುಚ್ಚಲಕ್ಕಿ ಅನ್ನಕ್ಕೆ ಹಾಕಿ ಉಂಡವರ ಹಣೆಯಲ್ಲಿ ಬೆವರು ಮೂಡುತ್ತಿತ್ತು. ನೇಜಿ ನೆಟ್ಟು ಬಂದ ದೊಡ್ಡಮ್ಮ ಅನ್ನಕ್ಕೆ ಮೊದಲು ಒಂದು ಲೋಟ ಸಾರನ್ನು ಹಾಗೆಯೇ ಕುಡಿದು, "ಈಗ ಕಾಲು ನನ್ನದೇ ಅಂತ ಗೊತ್ತಾಯ್ತು ಮಗಾ" ಅನ್ನುತ್ತಿದ್ದರು.

ಅನ್ನದ ಬಗ್ಗೆಯೂ ಒಂದು ಮಾತು. ಕುಚ್ಚಲಕ್ಕಿ ಎಂದರೆ ಭತ್ತವನ್ನು ಬೇಯಿಸಿ, ಒಣಗಿಸಿ, ಆಮೇಲೆ ಕುಟ್ಟಿದ ಅಕ್ಕಿ. ಅಂದರೆ ಅದೂ ಒಮ್ಮೆ ಒಲೆ ಕಂಡು, ಬಿಸಿಲು ಕಂಡು ಬಂದದ್ದೇ. ಅವಸರಕ್ಕೆ ಬೇಯುವುದಿಲ್ಲ. ಪ್ರೆಶರ್ ಕುಕ್ಕರಿನಲ್ಲಿ ಬೇಯಿಸಿದರೆ ಕಾಳು ಒಡೆದು ತೆಳಿ ಲೋಳೆಯಾಗುತ್ತದೆ. ಈಗ ನಮ್ಮ ಜಿಲ್ಲೆಯ ಬಹಳಷ್ಟು ಮನೆಗಳಲ್ಲಿ ಥರ್ಮಲ್ ಪೆಟ್ಟಿಗೆ ಇದೆ. ಗ್ಯಾಸಿನಲ್ಲಿ ಹದಿನೈದು ನಿಮಿಷ ಚೆನ್ನಾಗಿ ಕುದಿಸಿ ಪಾತ್ರೆಯನ್ನು ಅದರೊಳಗಿಟ್ಟರೆ ತನ್ನ ಬಿಸಿಯಲ್ಲೇ ಒಂದೂವರೆ ಗಂಟೆಯಲ್ಲಿ ಅನ್ನವಾಗುತ್ತದೆ. ಇದು ಒಳ್ಳೆಯ ಉಪಾಯ, ನಾನೂ ಅದನ್ನೇ ಮಾಡುತ್ತೇನೆ. ಗಂಜಿಯ ರಾತ್ರಿಗಳಲ್ಲಿ ಬದಿಗೆ ಏನಿರುತ್ತಿತ್ತು ಎಂಬುದೇ ಮಕ್ಕಳ ಕುತೂಹಲ. ಕೆಂಡದಲ್ಲಿ ಸುಟ್ಟ ಒಣಮೀನು, ಒಣ ಸಿಗಡಿಯ ಚಟ್ನಿ, ಇಲ್ಲವೇ ಗುಡ್ಡೆಯಲ್ಲಿ ಕೊಯ್ದ ಎಳೆಯ ತಜಂಕ್ ಸೊಪ್ಪನ್ನು ಕೆಮ್ಮಣ್ಣು ತೊಳೆದ ಹಲಸಿನ ಬೀಜದ ಜೊತೆ ಬೇಯಿಸಿದ ಪಲ್ಯ. ಮೊದಲ ಗುಡುಗು ಮಳೆಗೆ ಕಾಡಿನ ನೆಲದಲ್ಲಿ ಕಲ್ಲಣಬೆ ಎದ್ದ ವಾರ ಮಾತ್ರ ಹಬ್ಬ. ಅದನ್ನು ಹುಡುಕಿ ತರುವುದು ತಮ್ಮಂದಿರ ಕೆಲಸ, ಮಣ್ಣು ಹೋಗುವವರೆಗೆ ತೊಳೆಯುವುದು ನನ್ನ ಕೆಲಸ.

ಉಪ್ಪುಸೊಳೆಯ ರೊಟ್ಟಿ ಆಗುತ್ತಿದ್ದುದು ಮಳೆ ಬಹಳ ಜೋರಾದ ದಿನ, ಯಾರೂ ಹೊರಗೆ ಕಾಲಿಡಲಾಗದ ದಿನ. ಸೊಳೆಯನ್ನು ನೀರಲ್ಲಿ ಹಾಕಿ ಎರಡು ಮೂರು ಸಲ ನೀರು ಬದಲಿಸಿದರೆ ಉಪ್ಪು ಬಿಡುತ್ತದೆ. ಹಿಂಡಿ ತೆಗೆದು, ನೆನೆಸಿದ ಕುಚ್ಚಲಕ್ಕಿ, ಸ್ವಲ್ಪ ಕಾಯಿಯೊಂದಿಗೆ ಗಟ್ಟಿಯಾಗಿ ಅರೆದು, ಬಾಳೆಲೆಯಲ್ಲಿ ತಟ್ಟಿ, ಎಲೆ ಸಮೇತ ಕಾವಲಿಗೆ ಹಾಕುವುದು. ಎಲೆ ಕಂದಿದ ಮೇಲೆ ಅದನ್ನು ಬಿಡಿಸಿ ರೊಟ್ಟಿಯನ್ನು ನೇರ ಕಾವಲಿಯ ಮೇಲೆ ಕೆಂಪಗೆ ಸುಡಬೇಕು. ಎರಡು ರೊಟ್ಟಿ ತಿಂದರೆ ಬೆಳಗ್ಗಿನವರೆಗೆ ಹಸಿವೆಂಬುದಿಲ್ಲ. ಮೇ ತಿಂಗಳಲ್ಲಿ ಕೈಗೆ ಅಂಟಿದ ಮೇಣದ ಕಷ್ಟ ಆ ರಾತ್ರಿ ಸಾರ್ಥಕವಾಗುತ್ತಿತ್ತು.

ಅಜ್ಜಿಮನೆಯ ಮಳೆಗಾಲಕ್ಕೆ ಬೇರೆಯೇ ಭಯವಿತ್ತು. ಘಟ್ಟದಲ್ಲಿ ರಾತ್ರಿಯಿಡೀ ಹೊಯ್ದರೆ ಬಂಟ್ವಾಳದಲ್ಲಿ ಮರುದಿನ ಹೊಳೆ ಪೇಟೆಗೆ ಬರುತ್ತದೆ. 1923ರ ದೊಡ್ಡ ನೆರೆಯನ್ನು ಅಜ್ಜಿ ಎಳೆಯ ವಯಸ್ಸಿನಲ್ಲಿ ಕಂಡವರು. ಅದರ ಲೆಕ್ಕದಲ್ಲೇ ಅವರು ಮುಂದಿನ ಎಲ್ಲ ನೆರೆಗಳನ್ನೂ ಅಳೆಯುತ್ತಿದ್ದರು. ಅವರ ಮನೆಯಲ್ಲಿ ಅಕ್ಕಿ, ಅವಲಕ್ಕಿ, ಬೆಲ್ಲ, ಉಪ್ಪಿನಕಾಯಿಯ ಭರಣಿ ಯಾವಾಗಲೂ ಉಪ್ಪರಿಗೆಯಲ್ಲೇ ಇರುತ್ತಿದ್ದವು. ಜೊತೆಗೆ ಎತ್ತಿ ಒಯ್ಯಬಹುದಾದ ಒಂದು ಮಣ್ಣಿನ ಒಲೆ, ಒಂದು ಗೋಣಿ ಗೆರಟೆ. 1974ರ ನೆರೆಯಲ್ಲಿ ನಾನು ಅಲ್ಲಿದ್ದೆ. ಕೆಳಗಿನ ಕೋಣೆಗಳಲ್ಲಿ ನೀರು ಸೊಂಟ ಮುಟ್ಟಿತ್ತು, ಕತ್ತಲೆಯಲ್ಲಿ ಏನೇನೋ ಬಂದು ಗೋಡೆಗೆ ಬಡಿಯುತ್ತಿತ್ತು. ಉಪ್ಪರಿಗೆಯಲ್ಲಿ ನಾವಲ್ಲದೆ ಕೆಳಗಿನ ಓಣಿಯ ಮೂರು ಮನೆಯವರು. ಬ್ಯಾರಿ ಕುಟುಂಬ ಒಂದು, ಕೊಂಕಣಿಯವರು, ಇನ್ನೊಂದು ದೋಣಿ ನಡೆಸುವವರ ಮನೆ. ಅಜ್ಜಿ ಆ ಗೆರಟೆಯ ಬೆಂಕಿಯಲ್ಲಿ ಅಕ್ಕಿಗೆ ಹೆಸರುಕಾಳು ಸೇರಿಸಿ ಗಂಜಿ ಬೇಯಿಸಿದರು. ಇದ್ದ ತಟ್ಟೆಗಳು ಸಾಲದೆ ಎರಡು ಪಂಕ್ತಿಯಾಯಿತು, ಮಕ್ಕಳದ್ದು ಮೊದಲು. ಕೊಂಕಣಿ ಮನೆಯ ಅಮ್ಮ ತಾವು ಮಡಿಲಲ್ಲಿ ಕಟ್ಟಿ ತಂದ ಹಪ್ಪಳವನ್ನು ಕೆಂಡದಲ್ಲಿ ಸುಟ್ಟು ಎಲ್ಲರಿಗೂ ಮುರಿದು ಕೊಟ್ಟರು. ಬ್ಯಾರಿ ಮನೆಯ ಅಜ್ಜ ಗಂಜಿಯ ಬಿಸಿಗೆ ಕೈ ಕಾಯಿಸಿಕೊಂಡು ಬಹಳ ಹೊತ್ತು ಉಣ್ಣದೆ ಕೂತಿದ್ದರು. ಅಜ್ಜಿ ಗದರಿಸಿದರು: "ಬಿಸಿ ಇರುವಾಗಲೇ ಉಣ್ಣಿ ಕಾಕಾ, ಮನೆ ಎಲ್ಲಿಗೂ ಹೋಗುವುದಿಲ್ಲ." ನೀರು ಇಳಿದ ಮೇಲಿನ ವಾರ ಅವರ ಮನೆಯಿಂದ ಒಂದು ರಾತ್ರಿ ಬಿಸಿ ಅಕ್ಕಿರೊಟ್ಟಿ, ಅವರ ಪತ್ತಿರ್, ಬಂತು, ಬಟ್ಟೆಯಲ್ಲಿ ಸುತ್ತಿ, ಕೋಳಿ ಸಾರಿನ ಸಮೇತ. ಅಮ್ಮನ ಮನೆಯವರೂ ಅವರೂ ಇಂದಿಗೂ ಆಟಿಯಲ್ಲಿ ಒಮ್ಮೆಯಾದರೂ ಅಡುಗೆ ಕೊಟ್ಟು ತೆಗೆದುಕೊಳ್ಳುತ್ತಾರೆ.

ಮಹಾವೀರ ಕಾಲೇಜಿಗೆ ಸೇರಿದಾಗ ಗುರುವಾಯನಕೆರೆ, ವೇಣೂರು ದಾರಿಯಾಗಿ ದಿನಾ ಓಡಾಡುವುದು ಮಳೆಗಾಲದಲ್ಲಿ ಆಗದ ಮಾತು. ಮೂಡುಬಿದಿರೆಯ ಜೈನ ಮನೆಯೊಂದರಲ್ಲಿ ಕೋಣೆ ಸಿಕ್ಕಿತು, ಊಟವೂ ಅಲ್ಲೇ. ಮೊದಲ ದಿನ ಸಂಜೆ ಐದೂವರೆಗೆ, "ಬಾ, ಊಟಕ್ಕೆ ಏಳು" ಎಂದು ಮನೆಯ ಅಮ್ಮ ಕರೆದಾಗ ನಾನು ಕಾಫಿಗೆ ಕರೆದರೆಂದೇ ಎಣಿಸಿದ್ದೆ. ಸೂರ್ಯ ಮುಳುಗಿದ ಮೇಲೆ ಅಲ್ಲಿ ಉಣ್ಣುವ ಕ್ರಮವಿಲ್ಲ. ಕತ್ತಲೆಯಲ್ಲಿ ಕಾಣದ ಜೀವಿಗಳು ಅನ್ನದಲ್ಲಿ ಬಿದ್ದು ಸಾಯಬಾರದು ಎಂಬುದು ಅವರ ಧರ್ಮ. ಚಾತುರ್ಮಾಸದ ನಾಲ್ಕು ತಿಂಗಳು ಅದಿನ್ನೂ ಕಟ್ಟುನಿಟ್ಟು. ಹುಳ ಹುಪ್ಪಟೆ ಹೆಚ್ಚುವ ಕಾಲವೆಂದು ಆ ಮನೆಯಲ್ಲಿ ಸೊಪ್ಪು ತರುತ್ತಿರಲಿಲ್ಲ. ನೆಲದಡಿಯ ಗೆಡ್ಡೆ, ಈರುಳ್ಳಿ, ಬೆಳ್ಳುಳ್ಳಿ ಎಂದೂ ಇಲ್ಲ. ಇಷ್ಟೆಲ್ಲ ಬಿಟ್ಟ ಮೇಲೆ ಮಳೆಯ ಚಳಿಗೆ ಉಣ್ಣಲು ಏನು ಉಳಿಯುತ್ತದೆ ಎಂದು ನನಗೆ ಚಿಂತೆಯಾಗಿತ್ತು.

ಬೇಸಿಗೆ ಉಳಿದಿತ್ತು. ಅವರ ಅಡುಗೆಮನೆಯ ಮಾಡಿನಲ್ಲೂ ಸೌತೆಕಾಯಿಗಳು ನೇತಾಡುತ್ತಿದ್ದವು, ಮೂಲೆಯಲ್ಲಿ ಬೂದುಗುಂಬಳ ಸಾಲಾಗಿ ಕೂತಿದ್ದವು. ಹಲಸಿನ ಬೀಜ, ಹಪ್ಪಳ, ಒಣಗಿಸಿದ ಕಾಳುಗಳು. ಅಲ್ಲಿ ಹುರುಳಿ ಸಾರಿಗೆ ಬೆಳ್ಳುಳ್ಳಿಯ ಬದಲು ತುಪ್ಪದಲ್ಲಿ ಇಂಗು, ಕರಿಬೇವು, ಜಾಸ್ತಿ ಕಾಳುಮೆಣಸು. ಸೌತೆಕಾಯಿಯನ್ನು ಸಿಪ್ಪೆ ಸಮೇತ ದಪ್ಪ ಹೋಳು ಮಾಡಿ ಹಾಕಿದ ಹುಳಿ, ಬಾಳೆಕಾಯಿ ಪಲ್ಯ, ಮೇಲಿಂದ ಕರಗಿದ ತುಪ್ಪ. ಬೆಳ್ಳುಳ್ಳಿ ಇಲ್ಲದ ಹುರುಳಿ ಸಾರನ್ನು ಸಾರೆಂದು ಒಪ್ಪಲು ನನಗೆ ಕೆಲವು ವಾರ ಬೇಕಾದವು. ಒಪ್ಪಿದ ಮೇಲೆ ಎರಡನ್ನೂ ಬಿಡಲಾಗಲಿಲ್ಲ. ಹೊಟ್ಟೆ ಕೆಟ್ಟ ದಿನ, ಜ್ವರ ಬಿಟ್ಟ ದಿನ ನಾನು ಇಂದಿಗೂ ಮಾಡುವುದು ಆ ಮನೆಯ ಸಾರನ್ನೇ. ಬೆಳಕಿರುವಾಗಲೇ ಉಂಡು, 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಕಡೆಗೆ ಕೊಡೆ ಹಿಡಿದು ಹೋಗಿ ಬರುತ್ತಿದ್ದೆವು. ಬಂದು ಓದಲು ಕೂತರೆ ಹೊಟ್ಟೆ ಹಗುರ, ಮೈ ಬೆಚ್ಚಗೆ. ರಾತ್ರಿ ಒಂಬತ್ತಕ್ಕೆ ಉಂಡು ಹಾಗೇ ಮಲಗುವ ನಮ್ಮ ಕ್ರಮಕ್ಕಿಂತ ಇದು ಮಳೆಗಾಲಕ್ಕೆ ಒಳ್ಳೆಯದೆಂದು ನನಗೆ ಆಗಲೇ ಅನ್ನಿಸಿತ್ತು, ಈ ವಯಸ್ಸಿನಲ್ಲಿ ಅದನ್ನೇ ಅನುಸರಿಸುತ್ತೇನೆ.

ಆಟಿ ಅಮಾವಾಸ್ಯೆಯ ಹಾಲೆ ಮರದ ಕಷಾಯ ಎಲ್ಲರಿಗೂ ಗೊತ್ತಿದ್ದದ್ದೇ. ಸೂರ್ಯ ಹುಟ್ಟುವ ಮೊದಲು ಕಲ್ಲಿನಿಂದ ಜಜ್ಜಿ ತೆಗೆದ ಕೆತ್ತೆ, ಓಮ, ಕಾಳುಮೆಣಸು, ಬೆಳ್ಳುಳ್ಳಿ ಸೇರಿಸಿ ಅರೆದ ರಸಕ್ಕೆ ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲಿನ ಒಗ್ಗರಣೆ. ಮರ ಗುರುತಿಸಲು ಬಾರದವರು ದಯವಿಟ್ಟು ಈ ಕೆಲಸಕ್ಕೆ ಹೋಗಬಾರದು, ಕಾಸರಕದಂಥ ವಿಷದ ಮರದ ಕೆತ್ತೆ ಕೈಗೆ ಬಂದರೆ ಜೀವಕ್ಕೇ ಕುತ್ತು. ಆ ಕಹಿಯ ಹಿಂದೆ ಬರುವ ಮೆಂತೆ ಗಂಜಿ ಮಾತ್ರ ನನಗೆ ಬೆಳಗ್ಗಿನದ್ದಕ್ಕಿಂತ ರಾತ್ರಿಯದೇ ಇಷ್ಟ. ಬೆಂದ ಅಕ್ಕಿ, ಮೆಂತೆಗೆ ತೆಂಗಿನ ಹಾಲು, ಬೆಲ್ಲ ಸೇರಿ ಸಂಜೆಯವರೆಗೆ ಕೂತಾಗ ಮೆಂತೆಯ ಕಹಿ ಸಿಹಿಯೊಳಗೆ ಇಳಿದಿರುತ್ತದೆ. ಮದುವೆಯಾದ ವರ್ಷ ಆಟಿ ಕೂರಲು ತವರಿಗೆ ಬಂದ ಅಕ್ಕ ದಿನಾ ರಾತ್ರಿ ಅದನ್ನೇ ಕೇಳುತ್ತಿದ್ದಳು, ಅಮ್ಮ ಇಲ್ಲವೆನ್ನುತ್ತಿರಲಿಲ್ಲ. ಅದೇ ತಿಂಗಳು ಗತಿಸಿದ ಹಿರಿಯರಿಗೆ ಬಡಿಸುವ ರಾತ್ರಿ ಕೋಳಿ ಸಾರು, ನೀರುದೋಸೆ. ವರ್ಷದ ಹಸಿವಿನ ತಿಂಗಳಲ್ಲಿ ಸತ್ತವರಿಗೂ ಒಂದು ಬಿಸಿ ಊಟ ಇಡುತ್ತಿದ್ದ ಮನೆಗಳವು.

ಈಗ ಎಲ್ಲೆಡೆ 'ಆಟಿಡೊಂಜಿ ದಿನ', ಅಂದರೆ ಆಟಿಯಲ್ಲೊಂದು ದಿನ, ನಡೆಯುತ್ತದೆ. ಸಂಘದವರು, ಶಾಲೆಯವರು, ಬೆಂಗಳೂರು ಮುಂಬಯಿಯ ನಮ್ಮವರು ಸಹ. ಪತ್ರೊಡೆ, ಕಣಿಲೆ, ತಜಂಕ್ ವಡೆ, ಹುರುಳಿ ಚಟ್ನಿ, ಉಪ್ಪಡ್ ಪಚ್ಚಿಲ್ ಎಲ್ಲ ಒಂದೇ ಬಾಳೆಲೆಯಲ್ಲಿ. ಮಕ್ಕಳು ಹೆಸರಾದರೂ ಕಲಿಯುತ್ತಾರೆ, ನನಗೆ ಸಂತೋಷವೇ. ನನ್ನದೊಂದು ಕೋರಿಕೆ ಮಾತ್ರ: ಆ ಪದಾರ್ಥಗಳಲ್ಲಿ ಒಂದನ್ನು, ಬರೀ ಒಂದನ್ನು, ಮನೆಯಲ್ಲಿ ಮಳೆಯ ರಾತ್ರಿ ಮಾಡಿ ಉಣ್ಣಿ. ಇವು ಒಂದೊಂದೇ ರಾತ್ರಿಗೆ ಒಂದೊಂದಾಗಿ ಹುಟ್ಟಿದ ಅಡುಗೆಗಳು, ಒಂದರ ಹೆಗಲ ಮೇಲೆ ಇಡೀ ಊಟದ ಭಾರ ಇರುತ್ತಿತ್ತು. ಇಪ್ಪತ್ತರ ನಡುವೆ ಒಂದು ಚಮಚವಾಗಿ ಬಂದಾಗ ಹುರುಳಿ ತನ್ನ ಶಕ್ತಿಯನ್ನು ತೋರಿಸಲಾರದು.

2019ರ ಆಗಸ್ಟಿನಲ್ಲಿ ಘಟ್ಟದ ಮೈ ಅಲ್ಲಲ್ಲಿ ಕುಸಿದು ಚಾರ್ಮಾಡಿ ರಸ್ತೆ ಮುಚ್ಚಿತು. ಹೊಳೆಬದಿಯ ತೋಟಗಳ ಮೇಲೆ ಮರಳು, ಮರದ ದಿಮ್ಮಿ ಬಂದು ಕೂತವು. ನಮ್ಮ ಮನೆಗೆ ಎರಡು ಸಂಸಾರ ಬಂದು ಕೆಲವು ರಾತ್ರಿ ಉಳಿದವು. ಕರೆಂಟಿಲ್ಲ, ಪೇಟೆಗೆ ದಾರಿಯಿಲ್ಲ. ಆದರೆ ಭರಣಿಯಲ್ಲಿ ಸೊಳೆ ಇತ್ತು, ಡಬ್ಬದಲ್ಲಿ ಹುರುಳಿ ಇತ್ತು, ಹಿಂದಿನ ಚಾವಡಿಯಲ್ಲಿ ಒಣ ಕಟ್ಟಿಗೆ ಇತ್ತು. ಅಮ್ಮ ಇಲ್ಲದ ಮೇಲೂ ನಾನು ಭರಣಿ ತುಂಬಿಸುವುದನ್ನು ಬಿಟ್ಟಿರಲಿಲ್ಲ, ಇಬ್ಬರಿಗೆ ಇಷ್ಟು ಯಾಕೆ ಎಂದು ಮನೆಯವರು ಕೇಳುತ್ತಿದ್ದರೂ. ಆ ವಾರದ ನಂತರ ಅವರು ಕೇಳಿಲ್ಲ. ಹಲಸಿನಕಾಯಿ ಮರದಿಂದ ಇಳಿಸಲು ಅವರೇ ಹಗ್ಗ ಹುಡುಕುತ್ತಾರೆ.

ಮಗಳು ಇರುವುದು ಪುಣೆಯಲ್ಲಿ. ಈ ಸಲ ಮೇ ತಿಂಗಳಲ್ಲಿ ಬಂದಾಗ ತನಗೂ ಒಂದು ಭರಣಿ ಬೇಕೆಂದಳು. ಗಾಜಿನದು ಆಗಬಹುದು, ಪ್ಲಾಸ್ಟಿಕ್ ಬೇಡ ಎಂದೆ. ನಾಲ್ಕು ಪಾಲು ಸೊಳೆಗೆ ಒಂದು ಪಾಲು ಕಲ್ಲುಪ್ಪು ನಮ್ಮ ಮನೆಯ ಲೆಕ್ಕ. ಉಪ್ಪು ಕಡಿಮೆಯಾದರೆ ಕೊಳೆಯುತ್ತದೆ, ಹೆಚ್ಚಾದರೆ ನೀರಲ್ಲಿ ತೊಳೆದು ತೆಗೆಯಬಹುದು. ಸೊಳೆಗೆ ನೀರು ತಾಗಬಾರದು, ಕೈಯೂ ಒಣಗಿರಬೇಕು. ಮೇಲಿನ ಪದರ ತನ್ನದೇ ಉಪ್ಪುನೀರಿನಲ್ಲಿ ಮುಳುಗಿರುವಂತೆ ಭಾರ ಇಡಬೇಕು, ತೆಗೆಯುವಾಗ ಮರದ ಸೌಟು. ಅವಳು ಎಲ್ಲ ಬರೆದುಕೊಂಡು, ಪುಣೆಯಲ್ಲಿ ಹೊಳೆಯ ಕಲ್ಲು ಎಲ್ಲಿ ಸಿಗುತ್ತದಮ್ಮ ಎಂದು ಕೇಳಿದಳು. ಇಬ್ಬರೂ ಮೃತ್ಯುಂಜಯಕ್ಕೆ ಇಳಿದು, ಅಂಗೈಗಿಂತ ದೊಡ್ಡದಾದ ಎರಡು ನುಣುಪು ಕಲ್ಲು ಆರಿಸಿ, ನೀರಲ್ಲಿ ಕುದಿಸಿ ಒಣಗಿಸಿ ಅವಳ ಬ್ಯಾಗಿನ ತಳಕ್ಕೆ ಹಾಕಿದೆವು.